ದೇಹವೂ ಸಲ್ಲಿಸಬೇಕಾದ ಸೇವೆ: ಅಬ್ಬೆ ದ್ಯುಬುವಾ

ಪರದೇಶಕ್ಕೆ ತೆರಳಿ ಬಡ ಮಕ್ಕಳ ಸೇವೆ ಮಾಡಬೇಕೆಂಬ ಹಂಬಲ ನಮ್ಮ ಯುವಜನರಲ್ಲಿ ಆಗಾಗ ಮೂಡುತ್ತದೆ. ಹಂಬಲವೇನೋ ಒಳ್ಳೆಯದೇ. ಆದರೆ ಅಂತಹ ಸೇವೆಗೆ ಮನಸ್ಸೊಂದು ಒಪ್ಪಿದರೆ ಸಾಲದು. ಕಾಲು, ಕೈ, ಹೊಟ್ಟೆ, ನಿದ್ರೆ ಎಲ್ಲವೂ ಒಪ್ಪಬೇಕು. ಪರದೇಶದಿಂದ ನಮ್ಮ ನಾಡಿಗೇ ಬಂದು ದುಡಿದ ಗುರುಗಳೊಬ್ಬರ ಬಾಳು ಇದಕ್ಕೆ ಸಾಕ್ಷಿಯಾಗಿದೆ.

ಫ್ರಾನ್ಸ್ ದೇಶದ ಅಬ್ಬೆ ದ್ಯುಬುವಾ 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆದುದರಿಂದ ಆಫ್ರಿಕಾ ಖಂಡವನ್ನು ಬಳಸಿ ತಿಂಗಳುಗಟ್ಟಲೆ ಹಾಯಿಹಡಗಿನಲ್ಲಿ ಬರಬೇಕಾಗಿತ್ತು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಬಳಿಕ, ಶ್ರೀರಂಗಪಟ್ಟಣದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟುವ ಹೊಣೆ ಅವರದಾಯಿತು. ಈ ನೆಲದ ಉಡುಪನ್ನುಟ್ಟು, ಮುಂಡಾಸು ಸುತ್ತಿ, ಇಲ್ಲಿನ ಜನರ ರೀತಿನೀತಿಗಳಂತೆಯೇ ಬಾಳಿದ ಅವರನ್ನು ಜನರು ದೊಡ್ಡ ಸ್ವಾಮಿಯವರು ಎಂದು ಕರೆದರು.

ಆ ಕಾಲದಲ್ಲಿ ಸಿಡುಬು ಮನೆಮನೆಯ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಬದುಕುಳಿದವರಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. ಭಾರತದಲ್ಲಿ ಮೊದಲ ಬಾರಿಗೆ 1802ರಲ್ಲಿ ಮುಂಬಯಿಯ ಮೂರು ವರ್ಷದ ಹೆಣ್ಣುಮಗುವಿಗೆ ದಾಕು ಹಾಕಲಾಯಿತು. ಮರುವರ್ಷವೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಆ ಕಾರ್ಯವನ್ನು ಕೈಗೆತ್ತಿಕೊಂಡರು. 1803-04ರ ಅವಧಿಯಲ್ಲಿ 25,432 ಮಂದಿಗೆ ದಾಕು ಹಾಕಲಾಯಿತೆಂದು ದಾಖಲೆಯಿದೆ.

ಈ ಸಂಖ್ಯೆಯ ಹಿಂದಿರುವ ಶ್ರಮವನ್ನು ನಾವು ಊಹಿಸಬೇಕು. ಲಸಿಕೆಯನ್ನು ತಂಪಿನಲ್ಲಿಟ್ಟು ಸಾಗಿಸುವ ಅನುಕೂಲ ಅಂದು ಇರಲಿಲ್ಲ. ಒಂದು ಮಗುವಿನ ತೋಳಿಗೆ ದಾಕು ಹಾಕಿ, ಸುಮಾರು ಎಂಟನೆಯ ದಿನ ಅಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಆ ದಿನ ತಪ್ಪಿದರೆ ಸರಪಳಿಯೇ ಕಡಿದಂತೆ. ರೈಲಾಗಲಿ ಡಾಂಬರು ರಸ್ತೆಯಾಗಲಿ ಇಲ್ಲದ ಆ ಕಾಲದಲ್ಲಿ ಬಿಸಿಲು ಮಳೆಯೆನ್ನದೆ ಹೊತ್ತಿಗೆ ಸರಿಯಾಗಿ ಊರು ಸೇರಬೇಕು. ಅಂಜುವ ತಾಯಂದಿರಿಗೆ ಅವರ ನುಡಿಯಲ್ಲೇ ತಿಳಿಹೇಳಬೇಕು. ಅಳುವ ಕೂಸನ್ನು ಹಿಡಿಯಬೇಕು. ಇದು ಒಂದು ದಿನದ ಉತ್ಸಾಹದಿಂದ ನಡೆಯುವ ಕೆಲಸವಲ್ಲ.

ಹಾಸನದ ಬಳಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನೂ ಅವರು ಸ್ಥಾಪಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳಿ, 1848ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು. ಇಲ್ಲಿ ಧರ್ಮಪ್ರಚಾರ ಫಲಿಸುವ ಆಶೆ ಅವರಿಗೆ ಉಳಿದಿರಲಿಲ್ಲ. ಅದನ್ನವರು ಮುಚ್ಚಿಡದೆ ಬರೆದು ಪ್ರಕಟಿಸಿದರು. ಆದರೆ ದಾಕು ಪಡೆದ ಮಕ್ಕಳು ಬೆಳೆದರು, ಮನೆ ಕಟ್ಟಿದರು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂಬ ಘೋಷಣೆಯಾದಾಗ, ಇಂತಹ ಸಾವಿರಾರು ಕೈಗಳ ದುಡಿಮೆ ಅದರೊಳಗಿತ್ತು.

ಆತ್ಮ ದೇಹಗಳೆರಡೂ ಕೂಡಿಯೇ ಒಬ್ಬ ಮನುಷ್ಯನೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದಾರೆ. ಹಾಗಿದ್ದ ಮೇಲೆ ದಣಿಯುವ ದೇಹವನ್ನು ಹೊರಗಿಟ್ಟು ಪ್ರೀತಿಯನ್ನು ಮಾತ್ರ ಅರ್ಪಿಸುವುದು ನಮ್ಮಿಂದ ಸಾಧ್ಯವಿಲ್ಲ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸುತ್ತಲಿನ ತಾಂಡಾಗಳಿಂದ ಗೋವೆಗೆ ಕೂಲಿ ಅರಸಿ ಹೋಗುವ ತಂದೆತಾಯಿಗಳೊಡನೆ ಮಕ್ಕಳೂ ಶಾಲೆ ಬಿಟ್ಟು ಹೊರಡುತ್ತಾರೆ. ದೂರದ ದೇಶಕ್ಕೆ ಹೊರಡಬಯಸುವ ಮಗ ಮಗಳನ್ನು, ಪ್ರಿಯ ತಂದೆತಾಯಿಗಳೇ, ಮೊದಲು ಒಂದು ಬೇಸಿಗೆ ಈ ಮಕ್ಕಳ ನಡುವೆ ದುಡಿಯಲು ಕಳುಹಿಸಿರಿ. ಬಿಸಿಲನ್ನೂ ರೊಟ್ಟಿಯನ್ನೂ ನೆಲದ ಹಾಸಿಗೆಯನ್ನೂ ಅವರೊಡನೆ ಹಂಚಿಕೊಂಡು, ಎಂಟನೆಯ ದಿನವೂ ಮರಳಿ ಅಲ್ಲಿಗೇ ಹೋಗಬಲ್ಲವರಾದರೆ, ಅವರನ್ನು ಹರಸಿ ಬೀಳ್ಕೊಡೋಣ.