ಪ್ಲೇಗಿನ ಲಸಿಕೆ ಕೊಟ್ಟ ಹಾಫ್‌ಕಿನ್

ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ, ಜ್ವರ ಬಂದು ಹೋದರೆಂದು ಹೇಳಿ ಸುಮ್ಮನಾಗುತ್ತೇವೆ. ಯಾವ ಜ್ವರ, ಎಲ್ಲಿಂದ ಬಂತು ಎಂದು ವಿಚಾರಿಸುವವರು ಕಡಿಮೆ. ಈ ಪ್ರಶ್ನೆಗೆ ದೊರೆತ ತಪ್ಪು ಉತ್ತರದಿಂದ ಒಬ್ಬ ಮಹಾವಿಜ್ಞಾನಿಯ ಬಾಳೇ ಕಹಿಯಾಯಿತು. ಅವರೇ ವಾಲ್ಡೆಮಾರ್ ಹಾಫ್‌ಕಿನ್.

ಹಾಫ್‌ಕಿನ್ನರು 1860ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ಒಡೆಸ್ಸಾದಲ್ಲಿ ಕಲಿತು, ಮುಂದೆ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಕಾಲರಾಕ್ಕೆ ಲಸಿಕೆ ಸಿದ್ಧಪಡಿಸಿ, 1892ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸರಕಾರವು ಹಾಫ್‌ಕಿನ್ನರನ್ನು ಅಲ್ಲಿಗೆ ಕಳುಹಿಸಿತು. ಕೆಲವೇ ತಿಂಗಳಲ್ಲಿ ಅವರು ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಅದನ್ನೂ ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ರೋಗವು ನಮ್ಮ ಕಡೆಗೂ ಹಬ್ಬಿದಾಗ, 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು.

1902ರ ಅಕ್ಟೋಬರ 30ರಂದು ಪಂಜಾಬದ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಐದು ಬಾಟಲಿಗಳಿಂದ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಈ 19 ಜನರಿಗೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ. ರೋಗದ ಹೆಸರಿನಲ್ಲಿ ಸಂಶಯವಿರಲಿಲ್ಲ. ಆದರೆ ಅದರ ವಿಷಕ್ರಿಮಿ ಬಾಟಲಿಯೊಳಗೆ ಸೇರಿದ್ದು ಎಲ್ಲಿ? ವಿಚಾರಣಾ ಸಮಿತಿಯು ಮುಂಬಯಿಯ ಪ್ರಯೋಗಶಾಲೆಯ ಕಡೆಗೆ ಬೆರಳು ತೋರಿಸಿತು. ಹಾಫ್‌ಕಿನ್ನರು ಕೆಲಸದಿಂದ ದೂರವಾಗಿ, ಅಪವಾದ ಹೊತ್ತು ಭಾರತವನ್ನು ಬಿಡಬೇಕಾಯಿತು.

ವಿಜ್ಞಾನಿಗಳು ಸಾಕ್ಷ್ಯವನ್ನು ಮತ್ತೆ ಜರಡಿ ಹಿಡಿದರು. ಆ ಕ್ರಿಮಿ ಬಾಟಲಿಯಲ್ಲಿ ವಾರಗಟ್ಟಲೆ ಬೆಳೆದಿದ್ದರೆ ಬೂಚು ತೆಗೆದೊಡನೆ ದುರ್ನಾತ ಹೊಡೆಯಬೇಕಿತ್ತು. ತೆರೆದ ವೈದ್ಯರಿಗೆ ಅಂಥ ವಾಸನೆ ಬಂದಿರಲಿಲ್ಲ. ಇನ್ನೊಂದು ಸಂಗತಿ: ಬೂಚು ಕೀಳುವ ಇಕ್ಕಳ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಉರಿಯಲ್ಲಿ ಕಾಯಿಸದೆಯೇ ಬಳಸಿದ್ದರು. ಧನುರ್ವಾಯುವಿನ ಕ್ರಿಮಿ ಮಣ್ಣಿನಲ್ಲಿ ಇರುವಂಥದು. ಆದ್ದರಿಂದ ದೋಷ ಸೇರಿದ್ದು ಮುಂಬಯಿಯಲ್ಲಲ್ಲ, ಬಾಟಲಿ ತೆರೆದ ಹಳ್ಳಿಯಲ್ಲೇ ಎಂದು ಅವರು ತೀರ್ಮಾನಿಸಿದರು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು 1907ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಇದನ್ನು ಸಾರಿ ಹೇಳಿದರು. ಅಪವಾದ ಕಳೆಯಿತು. ಹಾಫ್‌ಕಿನ್ನರು ಅದೇ ವರ್ಷ ಭಾರತಕ್ಕೆ ಮರಳಿದರು. ಆದರೆ ಕಳೆದ ವರ್ಷಗಳು ಮರಳಲಿಲ್ಲ.

ಅವರು ಸ್ಥಾಪಿಸಿದ ಪ್ರಯೋಗಶಾಲೆಗೆ 1925ರಲ್ಲಿ ಅವರದೇ ಹೆಸರನ್ನು ಇಡಲಾಯಿತು. ಮುಂಬಯಿಯ ಪರಳದಲ್ಲಿ ಅದು ಇಂದಿಗೂ ಇದೆ. ಹಾಫ್‌ಕಿನ್ನರು 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಿಧನರಾದರು.

ಸಾವಿನ ಕಾರಣವನ್ನು ಊಹೆಯಿಂದ ಹೇಳಿದರೆ ನಿರಪರಾಧಿಗೆ ಶಿಕ್ಷೆಯಾಗುತ್ತದೆ, ನಿಜವಾದ ದೋಷ ಹಾಗೆಯೇ ಉಳಿದು ಇನ್ನೊಬ್ಬರನ್ನು ಬಲಿ ತೆಗೆದುಕೊಳ್ಳುತ್ತದೆ. ವಿದ್ಯಾರ್ಥಿಗಳಾದ ನಾವು ಈ ಮಹನೀಯರ ಜೀವನದಿಂದ ಕಲಿಯಬೇಕಾದ ಪಾಠ ಇದೇ: ತೀರ್ಪಿಗಿಂತ ಮೊದಲು ಪರೀಕ್ಷೆ ನಡೆಯಲಿ.