ಈಟಿಯ ಹೆಸರಿನ ಯಂತ್ರಶಿಲ್ಪಿ: ವಿಂಚೆಂಜೋ ಲಾಂಚಾ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಮೋಟಾರು ಯಂತ್ರದ ವಿಷಯವಾಗಿ ಲೇಖನ ಬರೆಯುತ್ತೇನೆಂದಾಗ ಗೆಳೆಯರು ನಕ್ಕರು. ಅವರಿಗೆ ನಗಲು ಇನ್ನೊಂದು ಕಾರಣವೂ ದೊರೆಯಿತು. ನಾನು ಬರೆಯಹೊರಟ ಮಹನೀಯನ ಹೆಸರು ಲಾಂಚಾ. ಲಂಚಕ್ಕೂ ಅವನಿಗೂ ಯಾವ ನಂಟೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ನುಡಿಯಲ್ಲಿ ಆ ಪದಕ್ಕೆ ಈಟಿ ಎಂದು ಅರ್ಥ. ಅವನ ಮೋಟಾರುಗಳ ಲಾಂಛನದಲ್ಲಿ ಈಟಿಗೆ ಕಟ್ಟಿದ ಬಾವುಟವೊಂದು ಕಾಣುವುದು ಇದೇ ಕಾರಣದಿಂದ.

ನಗೆಯ ಹಿಂದೆ ನನ್ನದೊಂದು ಅಳುಕೂ ಇದೆ. ನನ್ನ ತಂದೆ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಮಗನಾದ ನಾನು ಗುಮಾಸ್ತೆಯ ಕೆಲಸ ಹಿಡಿದು ಬಿಳಿಯ ಅಂಗಿ ತೊಡಬೇಕೆಂಬುದು ಅವರ ಹಂಬಲ. ಕಾಲೇಜು ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಡೆ ನಾನು ವ್ಯಾಪಾರ ಎಂದು ಬರೆದಿದ್ದೆ. ಲಾಂಚಾನ ಬಾಳನ್ನು ಓದಿದ ದಿನ ಆ ಒಂದು ಪದ ನನ್ನನ್ನು ಚುಚ್ಚತೊಡಗಿತು.

ವಿಂಚೆಂಜೋ ಲಾಂಚಾ 1881ರ ಆಗಸ್ಟ್ 24ರಂದು ಇಟಲಿಯ ಪೀಡ್‌ಮಾಂಟ್ ಪ್ರಾಂತದ ಫೊಬೆಲ್ಲೊ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದನು. ಡಬ್ಬಿಯಲ್ಲಿ ತುಂಬಿದ ಆಹಾರದ ವ್ಯಾಪಾರದಿಂದ ಹಣವಂತನಾಗಿದ್ದ ಅವನ ತಂದೆಗೆ ಮಗನು ಲೆಕ್ಕಪತ್ರ ಬಲ್ಲವನಾಗಬೇಕೆಂಬ ಆಸೆಯಿತ್ತು. ಆದರೆ ಟ್ಯೂರಿನ್ ನಗರದಲ್ಲಿದ್ದ ಅವರ ಮನೆಯ ಅಂಗಳದಲ್ಲಿಯೇ ಚೆಯ್‌ರಾನೊ ಎಂಬಾತನ ಸೈಕಲ್ ಕಾರ್ಖಾನೆ ನಡೆಯುತ್ತಿದ್ದಿತು. ಹುಡುಗನು ಅಲ್ಲಿಗೆ ಲೆಕ್ಕ ಬರೆಯಲೆಂದೇ ಸೇರಿದನು. ಆದರೆ ಅವನ ಮನಸ್ಸು ಖಾತೆ ಪುಸ್ತಕದಲ್ಲಿ ನಿಲ್ಲದೆ ಸುತ್ತಿಗೆ ಅರಗಳ ಕಡೆಗೇ ಓಡಿತು. 1899ರಲ್ಲಿ ಹೊಸದಾಗಿ ಹುಟ್ಟಿದ ಫಿಯಟ್ ಸಂಸ್ಥೆ ಈ ಕಾರ್ಖಾನೆಯನ್ನು ಕೊಂಡಾಗ ಅದರೊಡನೆ ಲಾಂಚಾನೂ ಅಲ್ಲಿಗೆ ಹೋದನು. ಎಳೆಯ ವಯಸ್ಸಿನಲ್ಲಿಯೇ ಸಿದ್ಧವಾದ ವಾಹನಗಳನ್ನು ಪರೀಕ್ಷಿಸುವ ಹೊಣೆ ಅವನಿಗೆ ಬಂದಿತು. ಯಂತ್ರ ನಡೆಯುವ ಸದ್ದನ್ನು ಆಲಿಸಿ ದೋಷವನ್ನು ಗುರುತಿಸುವ ಕಿವಿ ಅವನದು.

ಫಿಯಟ್ ಗಾಡಿಗಳನ್ನು ಪಂದ್ಯಗಳಲ್ಲಿ ಓಡಿಸಿಯೂ ಅವನು ಹೆಸರಾದನು. 1904ರಲ್ಲಿ ಬ್ರೆಷಾ ನಗರದಲ್ಲಿ ನಡೆದ ಫ್ಲೋರಿಯೊ ಪಂದ್ಯವನ್ನು ಗೆದ್ದನು. 1906ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ಪಂದ್ಯದಲ್ಲಿಯೂ 1907ರಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೊದಲ್ಲಿಯೂ ಎರಡನೆಯವನಾದನು. ಆದರೆ ಪರರ ಗಾಡಿಯನ್ನು ವೇಗವಾಗಿ ಓಡಿಸುವುದಕ್ಕಿಂತ ತನ್ನ ಗಾಡಿಯನ್ನು ಚೆನ್ನಾಗಿ ಕಟ್ಟುವುದು ಅವನಿಗೆ ಹಿರಿದಾಗಿ ತೋರಿತು. 1906ರ ನವೆಂಬರ್‌ನಲ್ಲಿ ಗೆಳೆಯ ಕ್ಲಾಡಿಯೊ ಫೊಗೊಲಿನ್‌ನೊಡನೆ ಸೇರಿ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಿದನು. ಕೆಲವೇ ತಿಂಗಳಲ್ಲಿ ಬೆಂಕಿ ಬಿದ್ದು ಮೊದಲ ಗಾಡಿಯ ಕೆಲಸವೆಲ್ಲ ಸುಟ್ಟುಹೋಯಿತು. ಇನ್ನೊಬ್ಬನಾಗಿದ್ದರೆ ಮತ್ತೆ ಲೆಕ್ಕದ ಪುಸ್ತಕಕ್ಕೆ ಹಿಂದಿರುಗುತ್ತಿದ್ದನೇನೋ. ಲಾಂಚಾ ಮತ್ತೆ ಮೊದಲಿನಿಂದ ಆರಂಭಿಸಿದನು.

ನಮ್ಮ ವಿಭಾಗದವರು ಹೆಮ್ಮೆಪಡಬಹುದಾದ ಸಂಗತಿಯೊಂದಿದೆ. ಪ್ರಾಚೀನ ಭಾಷೆಗಳನ್ನು ಬಲ್ಲ ಅವನ ಅಣ್ಣ ಜೊವಾನ್ನಿ, ವಾಹನಗಳಿಗೆ ಗ್ರೀಕ್ ಅಕ್ಷರಗಳ ಹೆಸರಿಡಲು ಸೂಚಿಸಿದನು. ಆಲ್ಫಾ, ಬೀಟಾ, ಥೀಟಾ ಎಂದು ಸಾಗಿದ ಆ ಸಾಲಿನಲ್ಲಿ 1922ರಲ್ಲಿ ಪ್ರಕಟವಾದ ಲಾಂಬ್ಡಾ ಮುಕುಟಪ್ರಾಯವಾದುದು. ಅಂದಿನ ಗಾಡಿಗಳಲ್ಲಿ ಕೆಳಗೊಂದು ಭಾರವಾದ ಚೌಕಟ್ಟು, ಅದರ ಮೇಲೊಂದು ಒಡಲು. ಲಾಂಚಾ ಹಡಗಿನ ಒಡಲಿನಂತೆ ಗಾಡಿಯ ಒಡಲೇ ಭಾರ ಹೊರುವಂತೆ ಮಾಡಿದನು. ಮುಂದಿನ ಚಕ್ರಗಳೆರಡೂ ಒಂದನ್ನೊಂದು ಅವಲಂಬಿಸದೆ ಏರಿಳಿಯುತ್ತಿದ್ದವು. ನಾಲ್ಕು ಚಕ್ರಗಳಿಗೂ ಬ್ರೇಕು ಇದ್ದವು. 1931ರವರೆಗೆ ಸುಮಾರು 13,000 ಲಾಂಬ್ಡಾಗಳು ತಯಾರಾದವು.

ಇನ್ನು ಅದರ ಯಂತ್ರ. ನಾಲ್ಕು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಯಂತ್ರ ಉದ್ದವಾಗುತ್ತದೆ. ಎರಡೆರಡನ್ನು ಅಗಲವಾದ ಕವಲಿನಂತೆ ಇಟ್ಟರೆ ಗಿಡ್ಡವಾಗುತ್ತದೆ, ಆದರೆ ಎರಡು ತಲೆಗಳು ಬೇಕಾಗುತ್ತವೆ. ಲಾಂಚಾ ಇವೆರಡರ ನಡುವಣ ದಾರಿ ಹಿಡಿದನು. ಸಿಲಿಂಡರುಗಳನ್ನು ಕೇವಲ 13 ಡಿಗ್ರಿಯಷ್ಟು ಕವಲಾಗಿಸಿ, ಒಂದರ ಸಂದಿಗೆ ಇನ್ನೊಂದು ಬರುವಂತೆ ಕೂಡಿಸಿ, ನಾಲ್ಕಕ್ಕೂ ಒಂದೇ ತಲೆಯನ್ನು ಮುಚ್ಚಿದನು. ಆ ತಲೆಯ ಮೇಲಿನ ಒಂದೇ ಕ್ಯಾಮ್ ದಂಡವು ಎಲ್ಲ ಕವಾಟಗಳನ್ನೂ ತೆರೆಯುತ್ತಿತ್ತು. ಸಿಲಿಂಡರಿನ ಒಳವ್ಯಾಸ 75 ಮಿಲಿಮೀಟರು, ಪಿಸ್ಟನ್ನಿನ ಓಟ 120 ಮಿಲಿಮೀಟರು. ಒಟ್ಟು ಗಾತ್ರ 2,120 ಘನ ಸೆಂಟಿಮೀಟರು. ಬಲ ಸುಮಾರು 50 ಅಶ್ವಶಕ್ತಿ. ಯಂತ್ರ ಗಿಡ್ಡವಾದುದರಿಂದ ಕ್ರ್ಯಾಂಕ್ ದಂಡವೂ ಗಿಡ್ಡ. ಗಿಡ್ಡ ದಂಡ ತಿರುಚಿಕೊಳ್ಳುವುದು ಕಡಿಮೆ. ಅದರ ಮೇಲೆ ಪ್ರಯಾಣಿಕರಿಗೆ ಉಳಿದ ಸ್ಥಳ ಹೆಚ್ಚಿನ ಲಾಭ.

ಲಾಭವಿದ್ದಲ್ಲಿ ಜವಾಬ್ದಾರಿಯೂ ಇರುತ್ತದೆ. ಯಂತ್ರದ ದಿಮ್ಮಿ ಅಲ್ಯುಮಿನಿಯಮ್, ಸಿಲಿಂಡರಿನ ಒಳಗೋಡೆ ಕಬ್ಬಿಣ. ಬಿಸಿಯೇರಿದಾಗ ಅಲ್ಯುಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ; ಎರಡು ಲೋಹಗಳು ಗಡಸು ನೀರಿನಲ್ಲಿ ಕೂಡಿದಲ್ಲಿ ಅಲ್ಯುಮಿನಿಯಮ್ ತಿನ್ನಲ್ಪಡುತ್ತದೆ. ಆದುದರಿಂದ ತುಕ್ಕು ತಡೆಯುವ ದ್ರವ ಬೆರೆಸಿದ ಮೃದುವಾದ ನೀರನ್ನೇ ತುಂಬಬೇಕು; ನೀರು ಕಾದು ಕುದಿಯಲು ಬಿಡಬಾರದು. ಸಿಲಿಂಡರುಗಳು ಒತ್ತಾಗಿರುವುದರಿಂದ ನಡುವೆ ಗ್ಯಾಸ್ಕೆಟ್ಟಿಗೆ ದೊರೆಯುವ ಜಾಗ ಕಿರಿದು. ತಲೆಯ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕೆ ಬಿಗಿಯದೆ ಮೂರು ನಾಲ್ಕು ಸುತ್ತಿನಲ್ಲಿ ಬಿಗಿಯಬೇಕು. ಇಲ್ಲವಾದರೆ ತಲೆ ಡೊಂಕಾಗುತ್ತದೆ. ಅಂದಿನ ಬೇರಿಂಗುಗಳಲ್ಲಿ ಎರೆದಿರುವ ಬಿಳಿಲೋಹ ಮೆತುವಾದುದು. ಕೊಳೆತ ಎಣ್ಣೆಯಲ್ಲಿ ಅದು ಬೇಗ ಸವೆಯುತ್ತದೆ. ಬಹುಕಾಲ ನಿಂತ ಯಂತ್ರವನ್ನು ಒಮ್ಮೆಲೇ ಚಾಲೂ ಮಾಡುವುದು ಸಲ್ಲದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಕೊಂಚ ಎಣ್ಣೆ ಬಿಟ್ಟು, ಮೊದಲು ಕೈಯಿಂದ ತಿರುಗಿಸಿ ನೋಡಬೇಕು.

ಇಷ್ಟನ್ನು ಓದಿ ಟಿಪ್ಪಣಿ ಮಾಡಿಕೊಂಡು, ಒಂದು ರಾತ್ರಿ ಊಟವಾದ ಮೇಲೆ ತಂದೆಯವರಿಗೆ ಹೇಳಿದೆ. ಅವರು ಲಾಂಚಾನ ಹೆಸರನ್ನು ಕೇಳಿದವರಲ್ಲ. ಆದರೂ ನಟ್ಟು ಬಿಗಿಯುವ ಮಾತು ಬರುವ ಮುಂಚೆಯೇ ಬೆರಳಿನಿಂದ ಚಾಪೆಯ ಮೇಲೆ ಆ ಕ್ರಮವನ್ನು ಗೀಚಿ ತೋರಿಸಿದರು: ಮೊದಲು ನಡುವಿನದು, ಬಳಿಕ ಅದರ ಎದುರಿನದು, ಕಡೆಗೆ ಮೂಲೆಗಳು. ನಾನು ಪುಸ್ತಕದಿಂದ ಪಡೆದುದು ಅವರ ಕೈಯಲ್ಲಿ ಮೊದಲೇ ಇದ್ದಿತು.

ಲಾಂಚಾನ ಕಡೆಯ ಕೃತಿ ಏಪ್ರಿಲಿಯಾ. ಗಾಳಿಯನ್ನು ಸೀಳಿಕೊಂಡು ಹೋಗುವ ಆಕಾರ, 1,352 ಘನ ಸೆಂಟಿಮೀಟರಿನ ಅದೇ ಬಗೆಯ ಕಿರುಗವಲಿನ ಯಂತ್ರ, ನಾಲ್ಕು ಚಕ್ರಗಳಿಗೂ ಬೇರೆ ಬೇರೆ ಏರಿಳಿತ. ಅದು ಜನರ ಕೈಗೆ ಸೇರಬೇಕಾದ ಹೊತ್ತಿನಲ್ಲಿ, 1937ರ ಫೆಬ್ರುವರಿ 15ರಂದು, ಲಾಂಚಾ ಹೃದಯಾಘಾತದಿಂದ ತೀರಿಕೊಂಡನು. ಅವನಿಗೆ ಆಗ 55 ವರ್ಷ. ತಾನು ನೆಟ್ಟ ಮರದ ಹಣ್ಣನ್ನು ಅವನು ತಿನ್ನಲಿಲ್ಲ. ಆದರೂ ಕಿರುಗವಲಿನ ನಾಲ್ಕು ಸಿಲಿಂಡರಿನ ಯಂತ್ರ ಅವನ ಸಂಸ್ಥೆಯ ಗಾಡಿಗಳಲ್ಲಿ 1976ರವರೆಗೆ ಉಳಿಯಿತು. ಸಂಸ್ಥೆಯೇ 1969ರಲ್ಲಿ ಫಿಯಟ್‌ನ ವಶವಾಗಿದ್ದಿತು. ಅವನು ಎಲ್ಲಿಂದ ಹೊರಟನೋ ಅಲ್ಲಿಗೇ ಅವನ ಹೆಸರು ಮರಳಿತು.

ಹಳೆಯ ಲಾಂಬ್ಡಾಗಳಲ್ಲಿ ಕೆಲವು ಇಂದಿಗೂ ಓಡುತ್ತವೆ. ಅವನ್ನು ಉಳಿಸಿದವರು ಎಣ್ಣೆ ಬದಲಿಸಿದ, ನೀರು ತುಂಬಿದ, ನಟ್ಟು ಬಿಗಿದ ಹೆಸರಿಲ್ಲದ ಕೈಗಳು. ಕಟ್ಟಿದವನಿಗೆ ಕೀರ್ತಿ ಸಂದಿತು. ಕಾಪಾಡಿದವರಿಗೆ ಕನಿಷ್ಠಪಕ್ಷ ಗೌರವವಾದರೂ ಸಲ್ಲಬೇಕು. ಈ ವರ್ಷದ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಡೆ ನಾನು ಮೆಕ್ಯಾನಿಕ್ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.