ಕೊಯ್ಲು ಯಂತ್ರದ ಸೈರಸ್ ಮೆಕಾರ್ಮಿಕ್

ಮಕ್ಕಳೇ, ಸುಗ್ಗಿಯ ಕಾಲದಲ್ಲಿ ಕೊಯ್ಲು ಮಾಡುವವರನ್ನು ನೀವು ನೋಡಿದ್ದೀರಲ್ಲವೇ? ಬಗ್ಗಿದ ಬೆನ್ನು, ಕೈಯಲ್ಲಿ ಕುಡುಗೋಲು, ನೆತ್ತಿಯ ಮೇಲೆ ಬಿಸಿಲು! ಪೈರು ಮಾಗಿದ ಮೇಲೆ ಹೆಚ್ಚು ದಿನ ಕಾಯುವಂತಿಲ್ಲ. ಕಾಳು ಉದುರುತ್ತದೆ, ಮಳೆ ಬಂದರೆ ಹಾಳಾಗುತ್ತದೆ. ಎಷ್ಟೇ ಬೆಳೆದರೂ ಆ ಕೆಲವು ದಿನಗಳಲ್ಲಿ ಕೊಯ್ದಷ್ಟೇ ರೈತನಿಗೆ ಸಿಗುತ್ತದೆ. ಈ ಕಷ್ಟಕ್ಕೆ ಪರಿಹಾರ ಹುಡುಕಿದವರಲ್ಲಿ ಪ್ರಮುಖರು ಅಮೆರಿಕದ ಸೈರಸ್ ಮೆಕಾರ್ಮಿಕ್.

ಸೈರಸ್ 1809ರ ಫೆಬ್ರವರಿ 15ರಂದು ವರ್ಜೀನಿಯಾ ರಾಜ್ಯದ ರೈತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಬರ್ಟ್ ಅವರಿಗೆ ಜಮೀನಿನ ಜೊತೆಗೆ ಕುಲುಮೆಯೂ ಇತ್ತು. ಕುದುರೆ ಎಳೆಯುವ ಕೊಯ್ಲು ಯಂತ್ರ ಮಾಡಲು ರಾಬರ್ಟ್ ಹಲವು ವರ್ಷ ಶ್ರಮಿಸಿದರು. ಯಂತ್ರ ಸರಿಯಾಗಿ ಕೆಲಸ ಮಾಡಲಿಲ್ಲ. ಕೊನೆಗೆ ಕೈಬಿಟ್ಟರು. ಆ ಕೆಲಸವನ್ನು ಮಗ ಮುಂದುವರಿಸಿದರು. 1831ರಲ್ಲಿ, 22ನೆಯ ವಯಸ್ಸಿನಲ್ಲಿ, ಯಂತ್ರವನ್ನು ಹೊಲದಲ್ಲಿ ಓಡಿಸಿ ಜನರಿಗೆ ತೋರಿಸಿದರು. 1834ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ಕೆಲವು ತಿಂಗಳ ಮೊದಲೇ, 1833ರಲ್ಲಿ, ಓಬೆಡ್ ಹಸ್ಸಿ ಎಂಬವರು ಇನ್ನೊಂದು ಬಗೆಯ ಕೊಯ್ಲು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು.

ಸೈರಸ್ ಅವರಿಗೆ ಯಂತ್ರ ಕಟ್ಟಲು ನೆರವಾದ ಇನ್ನೊಬ್ಬರು ಜೋ ಆಂಡರ್ಸನ್. ಅವರು ಆ ಕುಟುಂಬದವರು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಕಪ್ಪು ಜನಾಂಗದ ವ್ಯಕ್ತಿ. ದುಡಿಮೆಯಲ್ಲಿ ಅವರ ಪಾಲಿತ್ತು, ಆದರೆ ಪೇಟೆಂಟಿನಲ್ಲಿ ಅವರ ಹೆಸರಿರಲಿಲ್ಲ. ಈ ಯಂತ್ರದ ಕಥೆ ಹೇಳುವಾಗ ನಾವು ಅವರನ್ನೂ ನೆನೆಯಬೇಕು.

ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು?

ಕುದುರೆ ಎಳೆದಾಗ ದೊಡ್ಡ ಗಾಲಿ ಉರುಳುತ್ತಿತ್ತು. ಆ ಚಲನೆ ಹಲ್ಲುಗಾಲಿಗಳ ಮೂಲಕ ಅಲಗಿಗೆ ತಲುಪುತ್ತಿತ್ತು. ಅಲಗು ಗರಗಸದಂತೆ ಅತ್ತಿತ್ತ ಸರಿಯುತ್ತಿತ್ತು. ಮುಂದೆ ಚಾಚಿದ ಬೆರಳುಗಳು ದಂಟು ಜಾರದಂತೆ ತಡೆಯುತ್ತಿದ್ದವು. ಮೇಲೆ ತಿರುಗುವ ರಾಟೆ ಪೈರನ್ನು ಅಲಗಿನತ್ತ ಬಾಗಿಸುತ್ತಿತ್ತು. ಕತ್ತರಿಸಿದ ಪೈರು ಹಿಂದಿನ ಹಲಗೆಯ ಮೇಲೆ ಬೀಳುತ್ತಿತ್ತು.

1847ರಲ್ಲಿ ಸೈರಸ್ ಷಿಕಾಗೋ ನಗರದಲ್ಲಿ ಕಾರ್ಖಾನೆ ತೆರೆದರು. ರೈತರಿಗೆ ಕಂತಿನಲ್ಲಿ ಹಣ ಕಟ್ಟುವ ಅನುಕೂಲ ಮಾಡಿಕೊಟ್ಟರು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಅವರ ಯಂತ್ರಕ್ಕೆ ಪದಕ ದೊರೆಯಿತು. 1871ರಲ್ಲಿ ಷಿಕಾಗೋ ನಗರಕ್ಕೆ ಬೆಂಕಿ ಬಿದ್ದಾಗ ಕಾರ್ಖಾನೆ ಸುಟ್ಟುಹೋಯಿತು. ಆಗ ಅವರಿಗೆ 62 ವರ್ಷ. ಎದೆಗುಂದದೆ ಮತ್ತೆ ಕಟ್ಟಿದರು. 1884ರ ಮೇ 13ರಂದು ನಿಧನರಾದರು.

ಈಗಿನ ಕಂಬೈನ್ ಯಂತ್ರ ಕೊಯ್ಯುವ, ಒಕ್ಕುವ, ತೂರುವ ಮೂರೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಅದರ ಮುಂಭಾಗಕ್ಕೆ ಹೆಡರ್ ಎನ್ನುತ್ತಾರೆ. ಅಲ್ಲಿ ಅದೇ ಅಲಗು, ಅದೇ ಬೆರಳು, ಅದೇ ರಾಟೆ! ಆದರೆ ಬೆಳೆಗೆ ತಕ್ಕಂತೆ ಹೊಂದಿಸಬೇಕು. ಜೋಳವನ್ನೇ ನೋಡಿ. ಅದರ ತೆನೆ ದಂಟಿನ ತುದಿಯಲ್ಲಿರುತ್ತದೆ. ಅಲಗನ್ನು ತೆನೆಯ ಸ್ವಲ್ಪ ಕೆಳಗೆ ಬರುವಂತೆ ಎತ್ತರಿಸುತ್ತಾರೆ. ಕೆಳಗೆ ಕೊಯ್ದರೆ ಹಸಿ ದಂಟು ಒಳಹೋಗಿ ಅದರ ರಸದಿಂದ ಕಾಳು ತೇವವಾಗುತ್ತದೆ. ರಾಟೆ ಯಂತ್ರದ ಓಟಕ್ಕಿಂತ ತುಸು ಬೇಗ ತಿರುಗಬೇಕು. ತೀರಾ ವೇಗವಾದರೆ ತೆನೆಗೆ ಬಡಿದು ಕಾಳು ಉದುರುತ್ತದೆ. ತೀರಾ ನಿಧಾನವಾದರೆ ತೆನೆ ಮುಂದಕ್ಕೆ ನೆಲಕ್ಕೆ ಬೀಳುತ್ತದೆ.

ಈ ಯಂತ್ರಕ್ಕೆ ಗಿಡ್ಡ ತಳಿಯ ಜೋಳ ಒಗ್ಗುತ್ತದೆ. ನಮ್ಮ ಎತ್ತರದ ಜೋಳದ ಕಣಿಕೆ ದನಗಳಿಗೆ ಒಳ್ಳೆಯ ಮೇವು. ಹಾಗಾಗಿ ಅದನ್ನು ಬುಡದಿಂದ ಕೊಯ್ಯುವ ಕುಡುಗೋಲಿಗೂ ಇನ್ನೂ ಕೆಲಸವಿದೆ.

ನಿಮ್ಮೂರಿಗೆ ಕಂಬೈನ್ ಯಂತ್ರ ಬಂದರೆ ದೂರದಲ್ಲೇ ನಿಂತು ನೋಡಿ. ರಾಟೆ ಯಾವುದು, ಅಲಗು ಎಲ್ಲಿದೆ ಎಂದು ಗುರುತಿಸಿ. ಯಂತ್ರ ಹೋದ ಮೇಲೆ ಹೊಲದಲ್ಲಿ ಒಂದು ಚದರ ಮೀಟರ್ ಜಾಗ ಗುರುತು ಮಾಡಿ, ಅಲ್ಲಿ ಉದುರಿದ ಕಾಳುಗಳನ್ನು ಎಣಿಸಿ. ಯಂತ್ರವನ್ನು ಸರಿಯಾಗಿ ಹೊಂದಿಸಿದ್ದರೇ ಎಂಬುದನ್ನು ಆ ಕಾಳುಗಳೇ ನಿಮಗೆ ಹೇಳುತ್ತವೆ.